ರೊಟ್ಟಿಯ ಮೇಲಿನ ಊರು

ಸೀದ ರೊಟ್ಟಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳೆದವನ ಬೆವರು, ಬೀಸಿದವನ ಹಿಟ್ಟು, ಬಡಿದವಳ ರಟ್ಟೆ ಎಲ್ಲ ಒಂದು ಗಳಿಗೆಯ ಮೈಮರೆವಿಗೆ ಕರ್ರಗಾಗುವುದನ್ನು ನೋಡಿ ಸುಮ್ಮನಿರುವ ಸ್ವಭಾವ ನನ್ನದಲ್ಲ. ಹಾಗಿದ್ದೂ ಸಾಕ್ಷಿ ಎಂಬ ಹುಡುಗಿಯನ್ನು ಎರಡು ವರ್ಷ ನನ್ನ ಒಲೆಯ ಮುಂದೆ ಕೂರಿಸಿಕೊಂಡಿದ್ದೆ. ಯಾಕೆ ಎಂದು ನಮ್ಮಲ್ಲೇ ರೊಟ್ಟಿ ಬಡಿಯುವ ರೇವವ್ವ ಕೇಳುತ್ತಲೇ ಇದ್ದಳು. ನಾನು ಏನೋ ಒಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಅಂಗನವಾಡಿ ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟಿವಿ ನೋಡಲಾರದೆ, ಸಿಂದಗಿಯಲ್ಲಿ ಮೋರಟಗಿ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು ಹಿಡಿದು ರೊಟ್ಟಿ ಕೇಂದ್ರ ಹಾಕಿದೆ. ಮುರಿದರೆ ಸದ್ದಾಗುವ, ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ನಮ್ಮದು. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ, ಪುಣೆಗೆ ದುಡಿಯಲು ಹೋದ ನಮ್ಮ ಕಡೆಯವರಿಗೆ ಕಟ್ಟಿ ಕಳಿಸುತ್ತೇವೆ. ಅಂಗನವಾಡಿ ಬಿಟ್ಟರೂ ಊರಿಗೆ ನಾನು ಇನ್ನೂ ಅಕ್ಕೋರೇ. ಒಲೆ ಹಚ್ಚಿದ ಮೇಲೆ ಶೆಡ್ಡಿನಲ್ಲಿ ಮಾತಿಗಿಂತ ಸದ್ದು ಜಾಸ್ತಿ. ಹಿಟ್ಟಿನ ಮೇಲೆ ಅಂಗೈ ಬಡಿಯುವ ಸದ್ದು ಬೆಳಗ್ಗೆ ಹಿಡಿದರೆ ಮಧ್ಯಾಹ್ನ ಇಳಿಯುವವರೆಗೂ ನಿಲ್ಲುವುದಿಲ್ಲ. ಹಿಟ್ಟು ನಾದು, ಉಂಡೆ ಮಾಡು, ಬಡಿ, ಹಂಚಿಗೆ ಹಾಕು, ನೀರು ಸವರು, ತಿರುವು, ಮತ್ತೆ ಉಂಡೆ ಮಾಡು. ನನಗೇ ಕೆಲವು ದಿನ ಬೇಸರ ಬಂದು ಎದ್ದು ರಸ್ತೆ ನೋಡುತ್ತಾ ನಿಲ್ಲುತ್ತೇನೆ. ಇನ್ನು ಇಪ್ಪತ್ತರ ಹುಡುಗಿಗೆ ಹೇಗಾಗಬೇಡ.

ಸಾಕ್ಷಿ ಯಂಕಂಚಿಯಲ್ಲಿ ಮನೆ ಕಟ್ಟುವ ಗೌಂಡಿ ರಾವಸಾಬನ ಒಬ್ಬಳೇ ಮಗಳು. ಪಿಯುಸಿ ಮುಗಿಸಿ, ಮುಂದೇನು ಎನ್ನುವುದಕ್ಕೆ ಉತ್ತರ ಸಿಗದೆ, ದಿನಾ ಟಂಟಂ ಆಟೊ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದಳು. ಕೈ ಚುರುಕು, ರೊಟ್ಟಿ ದುಂಡಗೆ ಬರುತ್ತಿತ್ತು. ಆದರೆ ಮನಸ್ಸು ಹಂಚಿನ ಮುಂದೆ ಇರುತ್ತಿರಲಿಲ್ಲ. ರೊಟ್ಟಿಯ ಮೇಲೆ ಕಂದು ಚುಕ್ಕೆ ಮೂಡುತ್ತವಲ್ಲ, ಅವಳಿಗೆ ಅವು ಊರುಗಳು. ಉಬ್ಬಿದ್ದು ಗುಡ್ಡ, ಬಿರುಕು ಬಿಟ್ಟಿದ್ದು ಹೊಳೆ, ಅಂಚಿನ ಕರಿ ಗೆರೆ ಸಮುದ್ರದ ದಂಡೆ. ಸಮುದ್ರವನ್ನು ಅವಳು ಕಂಡವಳಲ್ಲ. ಒಮ್ಮೆ ಮಹಾಪೂರ ಬಂದಾಗ ಅಪ್ಪನ ಜೊತೆ ಹೋಗಿ ಭೀಮೆಯನ್ನು ನೋಡಿದ್ದಳಂತೆ, ಆಚೆ ದಂಡೆ ಕಾಣದ ಆ ಕೆಂಪು ನೀರೇ ಅವಳ ಸಮುದ್ರ.

ಆ ಊರುಗಳಲ್ಲಿ ದೊಡ್ಡದರ ಹೆಸರು ನೀಲಾವತಿ. ಅಲ್ಲಿ ಒಂದು ದೋಣಿ ದವಾಖಾನೆ ಇತ್ತು. ದಂಡೆಯಿಂದ ದಂಡೆಗೆ ತೇಲುತ್ತಾ ಹೋಗುವ ಆ ದೋಣಿಯಲ್ಲಿ ಬಿಳಿ ಬಟ್ಟೆ ತೊಟ್ಟ ಸಿಸ್ಟರ್ ಸಾಕ್ಷಿ. ರೋಗಿಗಳು ದಂಡೆಯ ಮೆಟ್ಟಿಲುಗಳ ಮೇಲೆ ಕಾದು ಕೂತಿರುತ್ತಿದ್ದರು. ಯಾವ ರೋಗಿಯೂ ಎರಡನೇ ಸಲ ಬರುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಗುಣವಾಗುತ್ತಿತ್ತು. ಆ ಊರಲ್ಲಿ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ. ಹಾಗಾದರೆ ಏನು ತಿನ್ನುತ್ತಾರೆ ಎಂದು ಕೇಳಿದೆ. ಅದನ್ನು ಇನ್ನೂ ಯೋಚಿಸಿಲ್ಲ ಎಂದಳು. ನಾನು ನಕ್ಕೆ, ಬೈದೆ, ಆಮೇಲೆ ನಾನೇ ಪ್ಯಾಕಿಂಗ್ ಮಾಡುವಾಗ ರೊಟ್ಟಿ ಎತ್ತಿ ಹಿಡಿದು ಇದು ಯಾವ ಊರು ಎಂದು ಕೇಳತೊಡಗಿದೆ. ಅವಳನ್ನು ಇಟ್ಟುಕೊಂಡಿದ್ದು ಇದಕ್ಕೇ ಇರಬೇಕು. ಅರವತ್ತು ದಾಟಿದವಳಿಗೆ ದಿನಕ್ಕೊಂದು ಹೊಸ ಊರು ಯಾರು ತೋರಿಸುತ್ತಾರೆ?

ಅವಳು ನೀಲಾವತಿಗೆ ಹೋಗಿರುವುದು ನಮಗೆ ಹೇಗೆ ಗೊತ್ತಾಗುತ್ತಿತ್ತೆಂದರೆ, ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ರೊಟ್ಟಿ ಸೀಯುತ್ತಿದೆ ಎಂದರೆ ಹೂಂ, ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ರೇವವ್ವ ಒಮ್ಮೆ, ನಿನ್ನ ಜಡೆ ಕತ್ತರಿಸಿ ಮಾರಲೇನು ಎಂದು ಕೇಳಿದ್ದಕ್ಕೂ ಹೂಂ ಅಂದು ನಮ್ಮನ್ನೆಲ್ಲ ನಗಿಸಿದ್ದಳು. ಈ ಚಟ ಹತ್ತಿಸಿದವಳು ಮೋರಟಗಿಯ ಅವಳ ಅಜ್ಜಿ, ತಾಯಿಯ ತಾಯಿ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ನಿಂತುಹೋಗುತ್ತದೆ. ಅಜ್ಜಿಯ ಕಥೆಗೆ ಬಾಯಲ್ಲಿ ಹೂಂಗುಟ್ಟುತ್ತಾ ಒಳಗೆ ತನ್ನದೇ ಬೇರೆ ಕಥೆ ಕಟ್ಟುವುದನ್ನು ಸಾಕ್ಷಿ ಆವಾಗಲೇ ಕಲಿತಿದ್ದಳು.

ಅದೇ ಅಜ್ಜಿ ಸಾಯುವಾಗ ಮಗಳು ದುರ್ಗವ್ವನ ಕೈ ಹಿಡಿದು, ಮೊಮ್ಮಗಳನ್ನು ಹೊರಗೆ ಕೊಡಬೇಡ, ನಮ್ಮ ಸಂಜುಗೇ ಕೊಡು ಎಂದು ಮಾತು ತೆಗೆದುಕೊಂಡಿದ್ದಳು. ಸಂಜು ಎಂದರೆ ಸಂಜೀವಕುಮಾರ, ದುರ್ಗವ್ವನ ಕೊನೆಯ ತಮ್ಮ, ಸಾಕ್ಷಿಗೆ ಸೋದರಮಾವ. ನಮ್ಮ ಕಡೆ ಇದು ಹೊಸದೇನಲ್ಲ. ಮೋರಟಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ, ನನ್ನ ಕೇಂದ್ರಕ್ಕೆ ಜೋಳದ ಹಿಟ್ಟು ಬರುವುದೂ ಅವನಲ್ಲಿಂದಲೇ. ಕುಡಿಯುವವನಲ್ಲ, ಜಗಳಗಂಟನಲ್ಲ. ಅವನ ಮೇಲೆ ಸಾಕ್ಷಿಗೆ ಯಾವ ದೂರೂ ಇರಲಿಲ್ಲ. ಆ ಮನೆಯಲ್ಲಿ ಯಾವ ಗೂಟಕ್ಕೆ ಏನು ನೇತಾಡುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತದೆ, ಎಮ್ಮೆ ಯಾವ ಕಾಲಿನಿಂದ ಒದೆಯುತ್ತದೆ ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಕನಸು ಕಾಣುವವಳಿಗೆ ಇದಕ್ಕಿಂತ ದೊಡ್ಡ ಜೈಲು ಇಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಈ ವರ್ಷ ಮಾತ್ರ ನೀಲಾವತಿ ಸ್ವಲ್ಪ ಈಚೆಗೆ ಸರಿದಿತ್ತು. ವಿಜಯಪುರದಲ್ಲಿ ನರ್ಸಿಂಗ್ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಮೇತ. ಅರ್ಜಿ ಹಾಕಿಸಿದವಳು ನಾನು. ಸೋಮವಾರದೊಳಗೆ ಹೋಗಿ ಸೇರದಿದ್ದರೆ ಸೀಟು ಮುಂದಿನವರಿಗೆ. ವಿಷಯ ತಿಳಿದ ದುರ್ಗವ್ವ, ಹುಡುಗಿ ಒಮ್ಮೆ ಊರು ಬಿಟ್ಟರೆ ತಾಯಿಗೆ ಕೊಟ್ಟ ಮಾತು ಹೋಯಿತು ಎಂದು ಹೆದರಿ, ಅದಕ್ಕೂ ಮುಂಚಿನ ಗುರುವಾರವೇ ಸಕ್ಕರೆ ತಿನ್ನುವ ಕಾರ್ಯ ಇಟ್ಟಳು. ಸಕ್ಕರೆ ಬಾಯಿಗೆ ಬಿದ್ದರೆ ಮದುವೆ ಗಟ್ಟಿಯಾದಂತೆ. ಆಮೇಲೆ ಹಿಂದೆ ಸರಿದವರನ್ನು ಊರು ಮನುಷ್ಯರ ಲೆಕ್ಕಕ್ಕೆ ಇಡುವುದಿಲ್ಲ.

ರಾವಸಾಬ ಹೆಂಡತಿಯ ಮಾತಿಗೆ ಅಡ್ಡ ಬರಲಿಲ್ಲ, ಆದರೆ ಮಗಳ ಕೈಯನ್ನೂ ಬಿಡಲಿಲ್ಲ. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಫೋಟೋ. ಅವುಗಳ ಮುಂದೆ ನಿಂತು ಮಗಳಿಗೆ ಹೇಳಿದ್ದನಂತೆ. ಹುಡುಗಿಯನ್ನು ಕೇಳದೆ ಈ ಮನೆಯಲ್ಲಿ ಮದುವೆ ಆಗುವುದಿಲ್ಲ, ಎಲ್ಲರ ಎದುರಿಗೆ ಮೂರು ಸಲ ಕೇಳುತ್ತೇನೆ, ನೀನು ಬೇಡ ಅಂದರೆ ಅಲ್ಲಿಂದಲೇ ಎದ್ದು ನಿನ್ನನ್ನು ವಿಜಯಪುರಕ್ಕೆ ಬಿಟ್ಟು ಬರುತ್ತೇನೆ ಎಂದು. ಗೌಂಡಿಯ ಮಾತು, ಕಟ್ಟಿದ ಗೋಡೆಯಷ್ಟೇ ನೆಟ್ಟಗೆ. ಅದನ್ನು ನನಗೆ ಹೇಳುವಾಗ ಸಾಕ್ಷಿಯ ಕಣ್ಣು ತುಂಬಿತ್ತು.

ಆ ವಾರ ಅವಳು ಸೀಯಿಸಿದಷ್ಟು ರೊಟ್ಟಿ ನನ್ನ ಕೇಂದ್ರದ ಇತಿಹಾಸದಲ್ಲೇ ಇಲ್ಲ. ಬಡಿಯುತ್ತಾ ಬಡಿಯುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಏನು ಎಂದರೆ, ಹೇಳುವ ಮಾತು ಜೋಡಿಸುತ್ತಿದ್ದೇನೆ ಎನ್ನುತ್ತಿದ್ದಳು. ಬೇಡ ಎನ್ನುವ ಎರಡು ಅಕ್ಷರಕ್ಕೆ ಇಷ್ಟು ಜೋಡಣೆ ಯಾಕೆ ಬೇಕು ಎಂದು ನಾನು ಗದರಿದೆ. ಅವಳಿಗೆ ಬರೀ ಬೇಡ ಸಾಕಾಗುತ್ತಿರಲಿಲ್ಲ. ಹೇಗೆ ಎದ್ದು ನಿಲ್ಲಬೇಕು, ಅವ್ವನ ಕಣ್ಣೀರು ಹೇಗೆ ಒರೆಸಬೇಕು, ಮಾವನಿಗೆ ನೋವಾಗದಂತೆ ಯಾವ ಮಾತು ಆಡಬೇಕು, ಕೇಳಿದವರು ಹೇಗೆ ಬೆರಗಾಗಬೇಕು. ದಿನಕ್ಕೊಂದು ಹೊಸ ಮಾತು ಸೇರುತ್ತಿತ್ತು. ಕೊನೆಗೆ ಬಾಗಿಲಿಗೆ ಬಸ್ಸೇ ಬಂದು ನಿಲ್ಲುತ್ತಿತ್ತು.

ಗುರುವಾರ ನಾನೂ ಯಂಕಂಚಿಗೆ ಹೋದೆ. ಪಡಸಾಲೆಯಲ್ಲಿ ಜಮಖಾನ ಹಾಸಿ ಮೋರಟಗಿಯ ಹಿರಿಯರು ಕೂತಿದ್ದರು. ಸಂಜೀವಕುಮಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆ ತಗ್ಗಿಸಿ ಕೂತಿದ್ದ, ಕಿವಿಯ ಹಿಂದೆ ಮಾತ್ರ ಹಿಟ್ಟು ಹಾಗೇ ಇತ್ತು. ಮಧ್ಯದಲ್ಲಿ ಟವೆಲು ಮುಚ್ಚಿದ ಸಕ್ಕರೆಯ ತಾಟು. ಸಾಕ್ಷಿ ಅವ್ವನ ಹಸಿರು ಸೀರೆ ಉಟ್ಟು ಫೋಟೋಗಳ ಕೆಳಗೆ ಕೂತಳು. ನಾವು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ. ಹಿರಿಯರು ಮಳೆ, ಬೆಳೆ, ಗಿರಣಿಯ ಕರೆಂಟು ಎಂದು ಊರ ಮಾತೆಲ್ಲ ಆಡಿ ಮುಗಿಸುವಷ್ಟರಲ್ಲಿ ಒಳಗೆ ಚಹಾ ಎರಡು ಸಲ ಕುದಿಯಿತು. ಆಮೇಲೆ ರಾವಸಾಬ ಎದ್ದು ನಿಂತ.

"ಸಾಕ್ಷಿ, ಎಲ್ಲಾರ ಮುಂದ ಕೇಳಾಕತ್ತೇನಿ. ಯಾರಿಗೂ ಅಂಜಬ್ಯಾಡ. ನಿನಗ ಈ ಮದುವಿ ಒಪ್ಪಿಗಿ ಐತೇನು?"

ಅವಳು ಸಕ್ಕರೆಯ ತಾಟನ್ನು ನೋಡುತ್ತಿದ್ದಳು. ಮುಖದ ಮೇಲೆ ಸಣ್ಣ ನಗು. ಹೂಂ ಎಂದಳು.

ರಾವಸಾಬನಿಗೇ ನಂಬಿಕೆಯಾಗಲಿಲ್ಲ ಎಂದು ಕಾಣುತ್ತದೆ. ಹತ್ತಿರ ಬಂದು, ಇನ್ನೊಮ್ಮೆ ವಿಚಾರ ಮಾಡು ಎಂದು ಮತ್ತೆ ಕೇಳಿದ. ಹೂಂ. ಮೂರನೇ ಸಲ ಅವನ ದನಿಯೇ ಸಣ್ಣದಾಗಿತ್ತು. ಅದಕ್ಕೂ ಹೂಂ. ದುರ್ಗವ್ವ ಅಳುತ್ತಾ ಓಡಿ ಬಂದು ಮಗಳ ಬಾಯಿಗೆ ಸಕ್ಕರೆ ಹಾಕಿದಳು, ತಾಟು ಕೈಯಿಂದ ಕೈಗೆ ಹೋಯಿತು, ಹಿರಿಯರು ಗಡ್ಡ ಮೀಸೆಗೆಲ್ಲ ಸಕ್ಕರೆ ಮಾಡಿಕೊಂಡರು. ನನಗೆ ಸಿಟ್ಟು ಬಂತು. ಹುಡುಗಿ ಕೊನೆಗೆ ಅವ್ವನ ಕಣ್ಣೀರಿಗೆ ಸೋತಳು, ಅರ್ಜಿಗೆ ಓಡಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಅಂದುಕೊಂಡೆ. ನನ್ನ ಪಾಲಿನ ಸಕ್ಕರೆ ಬಾಯಿಗೆ ಹಾಕಿಕೊಂಡು ಟಂಟಂ ಹತ್ತಿದೆ. ಹೊರಡುವಾಗ ತಿರುಗಿ ನೋಡಿದರೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಬಾಯಿ ಅರ್ಧ ತೆರೆದಿತ್ತು, ಸಕ್ಕರೆ ಇನ್ನೂ ನಾಲಿಗೆಯ ಮೇಲೇ ಇತ್ತು.

ಮರುದಿನ ಕೆಲಸಕ್ಕೆ ಬಂದಳು. ಉಂಡೆ ಮಾಡಿದಳು, ಬಡಿಯಲಿಲ್ಲ. ಕೈ ಹಿಟ್ಟಿನ ಮೇಲಿಟ್ಟುಕೊಂಡು ಕೂತವಳು ನನ್ನ ಕಡೆ ನೋಡಿ ಹೇಳಿದಳು.

"ಅಕ್ಕೋರ, ನಾ ಬ್ಯಾಡ ಅಂದಿದ್ದೆರಿ."

ಯಾವಾಗ ಎಂದೆ. ಅಪ್ಪ ಕೇಳುವುದಕ್ಕೂ ಮೊದಲೇ, ಒಳಗೆ, ಎಂದಳು. ಹಿರಿಯರು ಮಳೆ ಬೆಳೆ ಎನ್ನುತ್ತಿದ್ದಾಗ ಅವಳು ಕಾಯಲಾರದೆ ಒಳಗೊಳಗೇ ಶುರು ಮಾಡಿಬಿಟ್ಟಿದ್ದಳು. ಎದ್ದು ನಿಂತಳಂತೆ. ಒಂದು ವಾರ ಜೋಡಿಸಿದ ಮಾತೆಲ್ಲ ತಡವರಿಸದೆ ಬಂತಂತೆ. ಮಾವ ತಲೆ ಎತ್ತಿ, ನೀನು ಹೇಳಿದ್ದೇ ಖರೆ, ಹೋಗಿ ಬಾ ಎಂದನಂತೆ. ಅವ್ವ ಅತ್ತು, ಆಮೇಲೆ ಬುತ್ತಿ ಕಟ್ಟಿಕೊಟ್ಟಳಂತೆ. ಬಾಗಿಲಿಗೆ ಬಸ್ಸು ಬಂದು, ಹತ್ತಿ, ಇಳಿದು, ಆಗಲೇ ದೋಣಿಯ ಮೇಲಿದ್ದಳು. ದಂಡೆಯಲ್ಲಿ ಯಾರೋ ನಿಂತು ಏನೋ ಕೇಳುತ್ತಿದ್ದರು. ರೋಗಿ ಇರಬೇಕು ಎಂದು ಹೂಂ ಅಂದಳು. ಪಾಪ, ಮೂರು ಸಲ ಕೇಳಿದ, ಮೂರು ಸಲ ಹೂಂ ಅಂದಳು. ಬಾಯಿ ಸಿಹಿಯಾದಾಗ ಎಚ್ಚರವಾಯಿತು.

ರೇವವ್ವ ಬಡಿಯುವುದನ್ನು ನಿಲ್ಲಿಸಿದ್ದಳು. ಜಡೆ ಕತ್ತರಿಸುವ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳೇ ಅವಳು, ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗಂತೂ ಸಾಕ್ಷಿಯ ಕೆನ್ನೆಗೆ ಎರಡು ಬಾರಿಸಬೇಕು ಅನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಒಲೆ ಆರಿಸಿ ಅವಳ ಕೈ ಹಿಡಿದುಕೊಂಡು ಯಂಕಂಚಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಟ್ಟೆ. ಕಥೆ ಬೇಡ, ದೋಣಿ ಬೇಡ, ನನಗೆ ಮನಸ್ಸಿಲ್ಲ ಎಂದಷ್ಟೇ ಹೇಳು ಎಂದು.

ರಾವಸಾಬ ಆಗಷ್ಟೇ ಮಧ್ಯಾಹ್ನದ ಊಟಕ್ಕೆಂದು ಕೆಲಸದಿಂದ ಬಂದು ಸಿಮೆಂಟು ಮೆತ್ತಿದ ಕಾಲು ತೊಳೆಯುತ್ತಿದ್ದ. ಸಾಕ್ಷಿ ಹೇಳಿದಳು. ಅರ್ಧ ಅವಳು, ಅರ್ಧ ನಾನು. ಅವನು ಚೊಂಬು ಕೆಳಗಿಟ್ಟು ಮಗಳ ಕಡೆ ತಿರುಗಿದ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ನಾನು ತಯಾರಾಗೇ ಹೋಗಿದ್ದೆ.

"ಕೇಳದ ಕೊಟ್ಟಿದ್ರ ಇವತ್ತ ನಿನ್ನ ಕಡಿ ನಿಂತು ಎಲ್ಲಾರ ಕೂಡ ಹೊಡದಾಡ್ತಿದ್ದೆ. ಕೇಳಿ ಕೊಟ್ಟೇನಲ್ಲವಾ. ಮೂರು ಸಲ ಕೇಳೇನಿ. ಈಗ ಯಾವ ಬಾಯಿಲೆ ಹೋಗಿ ಹೇಳ್ಲಿ?"

ಒಳಗೆ ದುರ್ಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ರಾವಸಾಬ ಕೊನೆಗೆ ಒಂದು ದಾರಿ ಬಿಟ್ಟ. ಸಂಜುಗೆ ನಾನು ಹೇಳಲಾರೆ, ನಿನ್ನ ಬಾಯಿಂದ ನೀನೇ ಹೇಳು, ಅವನೇ ಸಕ್ಕರೆ ತಿರುಗಿಸಿ ಮದುವೆ ಬಿಟ್ಟರೆ ನನ್ನದೇನೂ ತಕರಾರಿಲ್ಲ ಎಂದ. ಅಷ್ಟು ಹೇಳಿ, ತೊಳೆದ ಕಾಲನ್ನೇ ಮತ್ತೊಮ್ಮೆ ತೊಳೆಯತೊಡಗಿದ.

ಭಾನುವಾರ ಸಂಜೀವಕುಮಾರ ಹಿಟ್ಟಿನ ಚೀಲ ತಂದ. ನಾನು ಉಳಿದವರನ್ನೆಲ್ಲ ಹಿಂದಿನ ಅಂಗಳಕ್ಕೆ ಕಳಿಸಿದೆ. ಹೊರಡಲು ಹೋದ ನನ್ನ ಸೆರಗನ್ನು ಸಾಕ್ಷಿ ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡಳು, ಹಾಗಾಗಿ ನಿಂತೆ. ಅವನು ಚೀಲ ಇಳಿಸಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳದೆ, ನೆಲ ನೋಡುತ್ತಾ ಮಾತಾಡಿದ. ಸಾಕ್ಷಿಯನ್ನು ಒಮ್ಮೆ ಕೇಳು ಎಂದಷ್ಟೇ ಬಾವ ಹೇಳಿದ್ದಾನೆ, ಪೂರಾ ಗೊತ್ತಾಗಲಿಲ್ಲ ಎಂದ. ಮಾತು ಬರದವನು ಕಷ್ಟಪಟ್ಟು ಆಡಿದ ಮಾತು ಅದು.

"ನಿನಗ ಮನಸಿಲ್ಲಂದ್ರ ಹೇಳು, ಸಾಕ್ಷಿ. ಸಕ್ರಿ ನಾ ತಿರುಗಿಸ್ತೇನಿ. ಕೆಟ್ಟ ಹೆಸರು ನನಗ ಬರ್ಲಿ, ನಿನಗ ಬ್ಯಾಡ."

ಇಂಥ ಮಾತು ಆಡುವ ಗಂಡಸನ್ನು ನಾನು ನನ್ನ ಇಡೀ ಜೀವಮಾನದಲ್ಲಿ ಕಂಡಿರಲಿಲ್ಲ. ಹೇಳೇ ಮಾರಾಯ್ತಿ ಎಂದು ಒಳಗೇ ಹಲ್ಲು ಕಚ್ಚಿದೆ. ಸಾಕ್ಷಿ ಅವನನ್ನೇ ನೋಡುತ್ತಿದ್ದಳು. ನೀಲಾವತಿಗೆ ಹೋಗಿರಲಿಲ್ಲ, ಅದು ನನಗೆ ಅವಳ ಕಣ್ಣಲ್ಲೇ ತಿಳಿಯುತ್ತದೆ. ಅಷ್ಟು ಎಚ್ಚರವಾಗಿ ಅವಳು ಯಾವತ್ತೂ ಇರಲಿಲ್ಲ. ತುಟಿ ತೆರೆದವು. ಮತ್ತೆ ಕೂಡಿಕೊಂಡವು. ನಾನೇ ಹೇಳುತ್ತೇನೆ ಎಂದು ಬಾಯಿ ತೆರೆದರೆ ಸೆರಗು ಜಗ್ಗಿ ತಲೆ ಅಲ್ಲಾಡಿಸಿದಳು. ರಸ್ತೆಯಲ್ಲಿ ಲಾರಿಗಳು ಹೋದವು. ಅವನು ಕಾದ. ಕೊನೆಗೆ, ಹಾಗಾದರೆ ನಾನು ಹೋಗಲಾ ಎಂದು ಕೇಳಿದ.

ಹೂಂ ಎಂದಳು. ಕೇಳಿಸಿಕೊಂಡೇ ಅಂದಳು. ಅವನು ಖಾಲಿ ಚೀಲ ಮಡಚಿಕೊಂಡು ಹೋದ. ಗಾಡಿ ಹತ್ತುವಾಗ ಅವನ ಮುಖದಲ್ಲಿ ಸಂತೋಷ ಇತ್ತೋ ಇಲ್ಲವೋ, ನನಗೆ ಹಿಟ್ಟೇ ಕಂಡಿತು.

ಆಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡೆಯಲ್ಲ, ಎರಡಕ್ಷರ ಆಡಲು ನಿನಗೇನಾಗಿತ್ತು ಎಂದೆ. ಅವಳು ಅಳಲಿಲ್ಲ. ಒಲೆಯ ಮುಂದೆ ಕೂತು, ಆರಿದ ಹಂಚನ್ನು ಅರಿವೆಯಿಂದ ಒರೆಸುತ್ತಾ ಹೇಳಿದಳು.

"ಆ ಮಾತು ನಾ ಒಮ್ಮಿ ಆಡಿ ಮುಗಿಸೇನ್ರಿ. ಅಲ್ಲೆ ಯಾರಿಗೂ ನೋವಾಗಿರ್ಲಿಲ್ಲ. ಮಾವ ನಕ್ಕಿದ್ದ. ಇಲ್ಲೆ ಮಾವನ ಮಾರಿ ಹಂಗ ಇರ್ಲಿಲ್ರಿ ಅಕ್ಕೋರ. ಇಂಥಾ ಮಾರಿಗೆ ಹೇಳೂ ಮಾತು ನಾ ಜೋಡಿಸೇ ಇರ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆಯೂ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅವಳನ್ನು ಬದುಕಿಸಿದ್ದು ಆ ಊರು. ರೊಟ್ಟಿಯ ಸದ್ದಿನಲ್ಲಿ ಹುಚ್ಚು ಹಿಡಿಯದಂತೆ ಕಾಪಾಡಿದ್ದೂ ಅದೇ. ಅವಳಲ್ಲಿದ್ದ ಧೈರ್ಯವನ್ನೆಲ್ಲ ಕೊನೆಗೆ ಅದೇ ಉಂಡು ಮುಗಿಸಿತ್ತು, ಇಲ್ಲಿಗೆ ಅಂತ ಒಂದು ಚೂರೂ ಬಿಟ್ಟಿರಲಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಬಂದಳು. ವಿಜಯಪುರದ ಬಸ್ಸು ನಮ್ಮ ಶೆಡ್ಡಿನ ಮುಂದೆಯೇ ಹಾರನ್ ಹೊಡೆದುಕೊಂಡು ಹೋಗುತ್ತದೆ. ರೇವವ್ವ ಕತ್ತೆತ್ತಿ ನನ್ನನ್ನು ನೋಡಿದಳು, ನಾನು ಪ್ಯಾಕಿಂಗ್ ಹಾಳೆ ಎಣಿಸುವವಳಂತೆ ತಲೆ ತಗ್ಗಿಸಿದೆ. ಸಾಕ್ಷಿ ಬಡಿಯುತ್ತಲೇ ಇದ್ದಳು. ಸೀಟು ಯಾರಿಗೆ ಹೋಯಿತೋ ಗೊತ್ತಿಲ್ಲ, ಇಂಗಳೇಶ್ವರದ ಕಡೆಯ ಹುಡುಗಿ ಎಂದು ಯಾರೋ ಹೇಳಿದರು. ಅವಳಾದರೂ ಚೆನ್ನಾಗಿ ಓದಲಿ.

ಮದುವೆ ಮುಂದಿನ ತಿಂಗಳು. ರೊಟ್ಟಿಯ ಆರ್ಡರು ನನಗೇ ಕೊಟ್ಟಿದ್ದಾರೆ, ಹಿಟ್ಟು ಮದುಮಗನ ಗಿರಣಿಯದು, ಬಡಿಯುವವಳು ಮದುಮಗಳು. ದುರ್ಗವ್ವ ಎದ್ದು ಓಡಾಡುತ್ತಿದ್ದಾಳೆ. ರಾವಸಾಬ ಸಿಕ್ಕರೆ ನಮಸ್ಕಾರ ಎನ್ನುತ್ತಾನೆ, ನಿಲ್ಲುವುದಿಲ್ಲ.

ಈಗ ಸಾಕ್ಷಿಯ ಒಲೆಯಲ್ಲಿ ಒಂದು ರೊಟ್ಟಿಯೂ ಸೀಯುವುದಿಲ್ಲ. ಕೂಗುವ ಮೊದಲೇ ಏನ್ರಿ ಎಂದು ತಿರುಗುತ್ತಾಳೆ. ಯಾವ ಮಾತಿಗೂ ಹೂಂ ಎನ್ನುವುದಿಲ್ಲ, ಹೌದ್ರಿ ಅಥವಾ ಇಲ್ರಿ ಎಂದು ಬಿಡಿಸಿ ಹೇಳುತ್ತಾಳೆ. ಇಂಥ ಕೆಲಸದವಳು ಸಿಗಲಿ ಎಂದು ನಾನು ಎರಡು ವರ್ಷ ಬೇಡಿಕೊಂಡಿದ್ದೆ. ನಿನ್ನೆ ಪ್ಯಾಕಿಂಗ್ ಮಾಡುವಾಗ ತಡೆಯಲಾರದೆ ಅವಳ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮಧ್ಯದಲ್ಲಿ ದೊಡ್ಡ ಕಂದು ಚುಕ್ಕೆ, ಅದರ ಸುತ್ತ ಸಣ್ಣ ಸಣ್ಣವು, ಪಕ್ಕದಲ್ಲೇ ಉದ್ದಕ್ಕೆ ಒಂದು ಬಿರುಕು. ನನ್ನಂಥವಳಿಗೂ ಹೊಳೆ ಕಂಡಿತು, ದಂಡೆ ಕಂಡಿತು. ಇದು ಯಾವ ಊರೇ ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿ, ರೊಟ್ಟಿಯನ್ನು ಇಸಿದುಕೊಂಡು, ಎರಡೂ ಕಡೆ ತಿರುವಿ ಸರಿಯಾಗಿ ನೋಡಿದಳು.

"ರೊಟ್ಟಿ ಐತ್ರಿ, ಅಕ್ಕೋರ," ಎಂದು ವಾಪಸು ಕೊಟ್ಟಳು.